ಒಂದು ಹನಿ ರಕ್ತ

ದಾವಣಗೆರೆಯ ಆ ದಂತ ಕಾಲೇಜಿನಲ್ಲಿ ಕೊನೆಯ ಪರೀಕ್ಷೆಗೆ ಪೆನ್ನಿನ ಜೊತೆಗೆ ರೋಗಿಯನ್ನೂ ಹುಡುಗರೇ ತರಬೇಕು. ದಾನಿಶ್‌ಗೆ ಗುತ್ತೂರಿನ ಮಾಲತೇಶಪ್ಪ ಸಿಕ್ಕಿದ್ದು ಲಾಟರಿ ಹೊಡೆದಂತಾಗಿತ್ತು. ಮುಟ್ಟಿದರೆ ರಕ್ತ ಜಿನುಗುವ ವಸಡು! ಅದನ್ನು ತೋರಿಸಿ, ವಸಡಿಗೆ ರಕ್ತ ಬರುವ ಮೂರು ದಾರಿಯನ್ನೂ ಒಪ್ಪಿಸಿದರೆ ಪಾಸು. ಹೋದ ಸಲ ಫೇಲು. ಈ ಸಲವೂ ಹೋದರೆ ಅಪ್ಪ ಇಮಾಮ್ ಸಾಬ್ ತನ್ನ ಟ್ರಂಕಿನ ಅಂಗಡಿಯಲ್ಲಿ ಸುತ್ತಿಗೆ ಕೊಟ್ಟು ಕೂರಿಸುವುದು ಖಂಡಿತ.

ಪರೀಕ್ಷೆಯ ಬೆಳಿಗ್ಗೆ ದಾನಿಶ್ ಕರೆತರಲು ಬೈಕಿನಲ್ಲಿ ಗುತ್ತೂರಿಗೆ ಹೋದರೆ ಮಾಲತೇಶಪ್ಪ ಮದುಮಗನಂತೆ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ. ಪಕ್ಕದ ಮನೆಯ ಹಂಪವ್ವ ಎದುರಿಗೇ ಬಂದಳು.

"ದೊಡ್ಡ ಡಾಕ್ಟ್ರು ನೋಡ್ತಾರಂದ್ರೆ ಹೊಲಸು ಬಾಯಿ ತೋರ್ಸಾಕ ಆಗ್ತೈತೇನಪ್ಪಾ? ಹತ್ತು ದಿನದಿಂದ ನಾನೇ ಮುಂದೆ ನಿಂತು ಮೂರು ಹೊತ್ತು ಉಪ್ಪು, ಅರಿಶಿಣ ಹಚ್ಚಿ ಉಜ್ಜಿಸೀನಿ."

ಮಾಲತೇಶಪ್ಪ ಹಲ್ಲು ಕಿರಿದ. ಊತ, ರಕ್ತದ ಸುಳಿವೇ ಇಲ್ಲದೆ ವಸಡು ಎಳೆಮಗುವಿನ ಹಿಮ್ಮಡಿಯಂತೆ ನಸುಗೆಂಪಾಗಿತ್ತು.

"ಯಾರು ಹೇಳಿದ್ರವ್ವಾ ಉಜ್ಜಾಕ?" ದಾನಿಶ್‌ನ ದನಿ ಅಳುವಂತಾಯಿತು.

"ಯಾರ್ ಹೇಳ್ಬೇಕು? ನನಗೇನ್ ಬುದ್ಧಿ ಇಲ್ಲೇನು?"

ಹರಿಹರದಲ್ಲಿ ಕಬ್ಬಿನ ಹಾಲಿನ ಗಾಡಿ ಕಂಡದ್ದೇ ದಾನಿಶ್ ಬೈಕು ನಿಲ್ಲಿಸಿ ಜಲ್ಲೆ ಕೊಡಿಸಿದ. "ಹಲ್ಲಾಗೇ ಸಿಗೀರಿ ಕಾಕಾ, ಗಟ್ಟಿಯಾಗಿ." ಹನಿ ರಕ್ತವಾದರೂ ಬಂದೀತೆಂಬ ಆಸೆ. ಮಾಲತೇಶಪ್ಪ ಗಾಣದಂತೆ ಎರಡು ಜಲ್ಲೆ ಅರೆದ. "ಇನ್ನೊಂದು ಕೊಡಿಸ್ರಿ ಡಾಕ್ಟ್ರೇ, ಹಲ್ಲು ಈಗ ಭಾಳ ಗಟ್ಟಿ ಅದಾವ!"

ಪರೀಕ್ಷಕ ಪರಮೇಶ್ವರಪ್ಪನವರು ಸಣ್ಣ ಸಲಾಕೆಯಿಂದ ಹಲ್ಲುಹಲ್ಲಿನ ಬುಡವನ್ನೂ ಮುಟ್ಟಿ ನೋಡಿದರು. "ಇಂಥ ಬಾಯಿ ನನಗೂ ಇಲ್ಲ. ಇದರಾಗೆ ರೋಗ ಎಲ್ಲೈತಪ್ಪಾ? ಆರು ತಿಂಗಳು ಬಿಟ್ಟು, ರೋಗ ಇದ್ದೋರ್ನ ಕರ್ಕೊಂಡು ಬಾ."

ದಾನಿಶ್ ಹೊರಗಿನ ಬೆಂಚಿನಲ್ಲಿ ಕುಸಿದು ಕಟಕಟ ಹಲ್ಲು ಕಡಿದ. ಬಾಯಿ ಉಪ್ಪುಪ್ಪಾಯಿತು. ಕರವಸ್ತ್ರಕ್ಕೆ ಉಗುಳಿದರೆ ಕೆಂಪು! ಹದಿನೈದು ದಿನ ವಸಡಿನ ಪಾಠ ಓದುವ ಭರದಲ್ಲಿ ಹಲ್ಲುಜ್ಜುವುದೇ ಮರೆತಿತ್ತು.

ಅಷ್ಟರಲ್ಲಿ ಸಹಪಾಠಿ ವಾಣಿ ಓಡಿ ಬಂದಳು. "ನನ್ನ ಪೇಷೆಂಟು ಹೆದರಿ ಓಡಿಹೋದ ಕಣೋ... ಏ, ಏನದು ಕೆಂಪು? ಬಾಯಿ ತೆಗಿ! ಅಯ್ಯೋ, ದೇವ್ರೇ ಕಳಿಸ್ದಂಗೈತೆ, ಬಾ!"

ಹತ್ತು ನಿಮಿಷದಲ್ಲಿ ದಾನಿಶ್ ಪರೀಕ್ಷಕರ ಮುಂದೆ, ಮಾಲತೇಶಪ್ಪ ಕೂತಿದ್ದ ಅದೇ ಕುರ್ಚಿಯಲ್ಲಿ ಅಂಗಾತ ಮಲಗಿದ್ದ. ಸಲಾಕೆ ತಾಗಿತು, ರಕ್ತ ಜಿನುಗಿತು.

"ಭೇಷ್! ಹೇಳಮ್ಮಾ, ಇದು ಎಲ್ಲೆಲ್ಲಿಂದ ಬರ್ತೈತೆ?"

"ಎಲುಬಿನ ಹೊರಮೈಯಿಂದ ಸರ್, ಬೇರು ಹಿಡ್ಕೊಂಡಿರೋ ನಾರಿಂದ, ಆಮೇಲೆ..." ವಾಣಿ ತಡವರಿಸಿದಳು.

ದಾನಿಶ್‌ಗೆ ಮೂರನೆಯದು ಬಾಯಿಪಾಠ. ಆದರೆ ಬಾಯಿ ತುಂಬ ಹತ್ತಿ, ಕನ್ನಡಿ. "ಆ... ಆ..." ಎನ್ನುತ್ತ ಎರಡು ಹಲ್ಲುಗಳ ನಡುವೆ ಬೆರಳು ತೋರಿಸಿದ.

"ಹಲ್ಲುಗಳ ನಡುವಿನ ಎಲುಬಿಂದ ಸರ್!"

"ಪಾಸ್! ನೋಡು ದಾನಿಶ್, ಪೇಷೆಂಟ್ ಅಂದ್ರೆ ಹಿಂಗಿರಬೇಕು."

ಬಾಗಿಲಲ್ಲಿ ನಿಂತಿದ್ದ ಮಾಲತೇಶಪ್ಪ ಮರುಗಿದ. "ಬರ್ರಿ ಡಾಕ್ಟ್ರೇ, ಗುತ್ತೂರಿಗೆ ಹೋಗಾಣ. ಹಂಪವ್ವ ಹತ್ತೇ ದಿನದಾಗ ವಾಸಿ ಮಾಡ್ತಾಳ."