ಮಾವನ ಐದು ಗಿಗಾಹರ್ಟ್ಸ್

ನಮ್ಮ ಸೋದರಮಾವನ ಕೈಗೆ ದಯವಿಟ್ಟು ನಿಮ್ಮ ಫೋನ್ ಕೊಡಬೇಡಿ. ಕದ್ದುಬಿಟ್ಟರೆ ಒಂದೇ ಸಲಕ್ಕೆ ಮುಗಿದುಹೋಗುತ್ತಿತ್ತು, ಅವರು ಕದಿಯೋದೂ ಇಲ್ಲ! ಅದು ವೈಫೈನ ಯಾವ ಬ್ಯಾಂಡಿನಲ್ಲಿದೆ ಅಂತ ನೋಡಿ, ನಿಮಗೂ ಪಾಠ ಹೇಳಿಯೇ ವಾಪಸ್ಸು ಕೊಡೋದು. ನನಗಂತೂ ಸಾಕಾಗಿ ಹೋಗಿದೆ ಕಣ್ರೀ.

ಅರಸೀಕೆರೆಯಲ್ಲಿ ಜೀವಮಾನವೆಲ್ಲ ಕೊಬ್ಬರಿ ವ್ಯಾಪಾರ ಮಾಡಿದವರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ನೀರು ಇಂಗಿದೆಯೋ ಇಲ್ಲವೋ ಹೇಳುವವರು. ಅತ್ತೆ ಹಾಸಿಗೆ ಹಿಡಿದ ಮೇಲೆ ಮನೆಗೆ ವೈಫೈ ಹಾಕಿಸಿದರು. ಹಳೆಯ ಫೋನೊಂದನ್ನು ಅತ್ತೆಯ ಕಿಟಕಿಗೆ ಒರಗಿಸಿ, ತಮ್ಮ ಕೊಬ್ಬರಿ ಮಂಡಿಯಲ್ಲಿ ಕೂತೇ ಅವರನ್ನು ವಿಡಿಯೋದಲ್ಲಿ ನೋಡುತ್ತಾರೆ. ಅಲ್ಲಿಂದ ಶುರುವಾಯಿತು.

ವೈಫೈಗೆ ಎರಡು ದಾರಿ. ಎರಡು ಪಾಯಿಂಟ್ ನಾಲ್ಕು ಗಿಗಾಹರ್ಟ್ಸ್ ದೂರ ಹೋಗುತ್ತೆ, ಆದರೆ ಬೀದಿಯವರದ್ದೆಲ್ಲ ಅದರಲ್ಲೇ ನುಗ್ಗುತ್ತೆ. ಐದು ಜೋರಾಗಿ ಓಡುತ್ತೆ, ಆದರೆ ಏನಾದರೂ ಅಡ್ಡ ಸಿಕ್ಕರೆ ಸುಸ್ತು. ಫೋನ್ ಯಾವುದನ್ನು ಹಿಡಿದಿದೆ ಅಂತ ತಿಳಿಯಲು ಸೆಟ್ಟಿಂಗ್ಸಿಗೆ ಹೋಗಿ, ವೈಫೈ ಹೆಸರಿನ ಪಕ್ಕದ ಚಕ್ರ ಒತ್ತಿ, ಫ್ರೀಕ್ವೆನ್ಸಿ ಅನ್ನೋ ಸಾಲು ನೋಡಬೇಕು. ಇದನ್ನು ಮಾವನಿಗೆ ಹೇಳಿಕೊಟ್ಟವನು ನಾನೇ. ಕರ್ಮ, ಯಾರನ್ನ ಬೈಯಲಿ?

ಹಗರೆಯಲ್ಲಿ ನೆಂಟರ ಗೃಹಪ್ರವೇಶ. ಮಾವ ದೇವರಮನೆಗೆ ಕೈಮುಗಿದು, ಯಜಮಾನರ ಫೋನ್ ಇಸಕೊಂಡು, ಮುಖ ಬಾಡಿಸಿಕೊಂಡು ತಲೆಯಾಡಿಸಿದರು. ಆ ಮನುಷ್ಯ ಬೆವೆತುಹೋಗಿ, "ಏನಾದ್ರೂ ದೋಷ ಐತಾ? ಶಾಂತಿ ಮಾಡಿಸ್ಬೇಕಾ?" ಅಂದರು.

"ಬ್ಯಾಡ. ಆ ಬೀರು ಆಚೆಗೆ ಸರಿಸಿ ಸಾಕು!"

ಮನೆಗೆ ಬಂದ ಮಠದ ಸ್ವಾಮಿಗಳನ್ನೂ ಬಿಡಲಿಲ್ಲ. "ಬುದ್ಧಿ, ತಮ್ಮದು ಐದು!" ಅಂತ ಇನ್ನೊಂದು ಸಲ ಅಡ್ಡಬಿದ್ದರು. ನಾನು ಹಿತ್ತಲಿಗೆ ಹೋಗಿ ನಿಂತುಕೊಂಡೆ.

ಮೊನ್ನೆ ಭಾನುವಾರ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದೇನೆ, "ಏನ್ಲಾ, ಒಂಚೂರು ಬಾ" ಅಂತ ಅಟ್ಟದಿಂದ ಕೂಗು. ವೈಫೈ ಪೆಟ್ಟಿಗೆ ಇರೋದು ಅಟ್ಟದಲ್ಲಿ, ಕೊಬ್ಬರಿಯಾಗಲು ಇಟ್ಟ ಕಾಯಿಗಳ ನಡುವೆ. ವೈರು ಹೆಂಚಿನ ಕೆಳಗಿಂದ ಬಂತು, ಹಾಕಿದವನು ಅಲ್ಲೇ ಮೊಳೆ ಹೊಡೆದ. ಕೆಳಗಿಳಿಸಲು "ನಾಳೆ ಬತ್ತೀನಿ ಸಾರ್" ಅಂದವನಿಗೆ ಆ ನಾಳೆ ಇನ್ನೂ ಬಂದಿಲ್ಲ.

"ಕಾಯೇ ಅಡ್ಡ ಕಣೋ. ಒಳಗೆ ಇನ್ನೂ ನೀರೈತೆ, ಅದು ಸಿಗ್ನಲ್ ನುಂಗುತ್ತೆ. ಇಳಿಸಿಬಿಡಾನ."

ನಾನು ದಂಗಾಗಿಹೋದೆ. ಅಟ್ಟದ ಕಾಯಿಯನ್ನು ನೀರು ತಾನಾಗಿ ಇಂಗುವ ತನಕ ಮುಟ್ಟುವಂತಿಲ್ಲ. ಚಟ್ನಿಗೆ ಒಂದೇ ಒಂದು ಕಾಯಿ ತೆಗೆದದ್ದಕ್ಕೆ ನಮ್ಮಮ್ಮನ ಜೊತೆ, ಒಡಹುಟ್ಟಿದ ಅಕ್ಕ ಅವಳು, ಯುಗಾದಿ ಮುಗಿಯುವವರೆಗೂ ಮಾತು ಬಿಟ್ಟವರು ಇವರು! ನನಗೆ ರೇಗಿಹೋಯಿತು.

"ತಲೆಗಿಲೆ ಕೆಟ್ಟಿದೆಯಾ ಮಾವ? ಚಿತ್ರ ಸ್ವಲ್ಪ ನಿಧಾನ ಬಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಮಾವ ದನಿ ತಗ್ಗಿಸಿದರು. ಕೆಳಗೆ ಅತ್ತೆಗೆ ಕೇಳಿಸಬಾರದಿತ್ತು.

"ನಿಧಾನ ಅಲ್ಲ ಕಣೋ, ನಿಂತೇ ಹೋಗುತ್ತೆ. ಮೊನ್ನೆ ಮಂಡೀಲಿ ಕೂತು ನೋಡ್ತಾ ಇದ್ದೆ. ನಿಮ್ಮತ್ತೆ ಬಾಯಿ ಒಂಚೂರು ತೆರ್ಕೊಂಡು ಹಂಗೇ ಇದ್ಲು. ಹೊದಿಕೆ ಅಲ್ಲಾಡ್ಲಿಲ್ಲ. ನಿಂತಿದ್ದು ಚಿತ್ರಾನೋ, ಅವಳ ಉಸಿರೋ... ಚಪ್ಪಲೀನೂ ಮೆಟ್ಟದೆ ಓಡ್ಬಂದೆ."

ನಾನು ಕೆಳಗಿಳಿದು ಕಾಯಿ ತುಂಬಲು ಮಂಕರಿ ತಂದೆ. ಸಂಜೆಯವರೆಗೂ ಇಬ್ಬರೂ ಕಾಯಿ ಇಳಿಸಿದೆವು, ನನ್ನ ಸೊಂಟ ಬಿದ್ದುಹೋಯಿತು. ಮಾವ ಅತ್ತೆಯ ಕಿಟಕಿಯಲ್ಲಿದ್ದ ಫೋನ್ ನೋಡಿ ಬಂದು, "ಐದು!" ಅಂದರು. ಅಂಗಳದಲ್ಲಿ, ಕಾಯಿ ರಾಶಿಯ ಮೇಲೆ ಕೂತು ತಮ್ಮ ಫೋನ್ ತೆರೆದರು. ಅತ್ತೆಯ ಹೊದಿಕೆ ಮೆಲ್ಲಗೆ ಏರಿಳಿಯುವುದು ಚೆನ್ನಾಗಿ ಕಾಣುತ್ತಿತ್ತು. ಕಾಯಿಗಳ ಸದ್ದಿಗೆ ಎಚ್ಚರವಾಗಿರಬೇಕು, ಅತ್ತೆ ಕಣ್ಣು ಬಿಟ್ಟು ಫೋನಿನೊಳಗಿಂದ ನಮ್ಮ ಕಡೆಗೇ ನೋಡಿದರು.

"ಏನ್ರೀ, ಕಾಯಿ ಇಳಿಸ್ತಾ ಇದ್ದೀರಾ? ಇನ್ನೂ ಆಗಿಲ್ವಲ್ರೀ!"

"ಆಗೈತೆ ಕಣೇ, ಎಲ್ಲಾ ಒಣಗೈತೆ. ನೀನು ಮಲಕ್ಕೋ," ಅಂದರು ಮಾವ, ಕಣ್ಣೊರೆಸಿಕೊಳ್ಳುತ್ತಾ. ಅವರ ಇನ್ನೊಂದು ಕೈಯಲ್ಲಿದ್ದ ಕಾಯಿಯೊಳಗೆ ನೀರು ಬುಳುಬುಳು ಅನ್ನುತ್ತಿತ್ತು.