ದ್ರಾಕ್ಷಿ ಶೆಡ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಶಾಖ ಎಂದರೇನು, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅಥಣಿಯ ಅದೆಷ್ಟು ಮಕ್ಕಳಿಗೆ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಕಳೆದ ಬೇಸಗೆಯಲ್ಲಿ ನನ್ನ ಹೆಂಡತಿಯ ಕಂಪ್ಯೂಟರ್ ಕಾದು ಕಾದು ಬಂದ್ ಆಗತೊಡಗಿದಾಗ, ಈ ಸಮಸ್ಯೆಯನ್ನು ದೇವರೇ ನನಗಾಗಿ ಕಳಿಸಿದ್ದಾನೆ ಎಂದುಕೊಂಡೆ. ಅಲ್ಲಿಯವರೆಗೆ ಏನೂ ತಪ್ಪಾಗಿರಲಿಲ್ಲ.

ಹೆಂಡತಿ ಗಿರಿಜಾ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಅದಕ್ಕೆಂದೇ ಒಂದು ದೊಡ್ಡ ಕಂಪ್ಯೂಟರ್ ಇದೆ. ಅದರ ಹೊಟ್ಟೆಯೊಳಗೆ ಗ್ರಾಫಿಕ್ಸ್ ಕಾರ್ಡ್ ಎಂಬ ಪ್ರಾಣಿ. ಇಟ್ಟಂಗಿಯಷ್ಟು ದಪ್ಪ, ಮೈಮೇಲೆ ಎರಡು ಪುಟ್ಟ ಫ್ಯಾನು. ಚಿತ್ರದ ಭಾರವನ್ನೆಲ್ಲ ಹೊರುವುದು ಅದೇ. ಏಪ್ರಿಲ್ ತಿಂಗಳ ಅಥಣಿಯಲ್ಲಿ ಮಧ್ಯಾಹ್ನ ಮನುಷ್ಯನೇ ಕೆಲಸ ಮಾಡಲಾರ, ಪಾಪ ಆ ಕಾರ್ಡು ಏನು ಮಾಡೀತು? ಬಿಸಿಲು ನೆತ್ತಿಗೆ ಬಂದ ಕೂಡಲೇ ಅದರ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪು!

ಕಪ್ಪಾಗಬಾರದ ಸಮಯ ಅದು. ಯಡೂರಿನ ಸುನಂದಕ್ಕನ ಹಿರಿಯ ಮಗಳ ಮದುವೆಯಾಗಿ ವರ್ಷ ಕಳೆದಿತ್ತು. ವಿಡಿಯೋ ತೆಗೆದವನು ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಅಲೆದಾಡಿಸಿ, ಕೊನೆಗೆ ಎಡಿಟ್ ಮಾಡದ ಸರಕನ್ನೆಲ್ಲ ಅವರ ಕೈಗೇ ಕೊಟ್ಟು ಕೈ ತೊಳೆದುಕೊಂಡಿದ್ದ. ಈಗ ಮಗಳು ಬಸುರಿ. ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಗಿತ್ತು.

"ಗಿರಿಜಕ್ಕಾ, ಕುಬಸದಾಗರ ನನ್ನ ಮಗಳ ಮದವಿ ತೋರಸ್ರಿ," ಎಂದಿದ್ದರು ಸುನಂದಕ್ಕ. "ಇಲ್ಲಾಂದ್ರ ಕೂಸ ಹುಟ್ಟಿ ಬಂದು, ನಮ್ಮವ್ವ ಅಪ್ಪನ ಮದವಿ ಎಲ್ಲೈತಿ ತೋರಸ್ರಿ ಅಂತೈತಿ ನೋಡ್ರಿ!"

ಇದು ಚೆನ್ನಾಗಿ ಆದರೆ ಕಿರಿಯ ಮಗಳ ಮದುವೆಯ ಶೂಟಿಂಗು, ಎಡಿಟಿಂಗು ಎಲ್ಲವೂ ಗಿರಿಜಾಗೆ. ಆಗದಿದ್ದರೆ ಮಿರಜಿನ ಯಾರೋ ಸ್ಟುಡಿಯೋದವರಿಗೆ. ಅಷ್ಟು ದೊಡ್ಡ ಕೆಲಸ ಆಕೆಯ ಬಾಗಿಲಿಗೆ ಬಂದದ್ದು ಅದೇ ಮೊದಲು. ಆಕೆಗೆ ಊಟ ಸೇರುತ್ತಿರಲಿಲ್ಲ.

"ರೀ, ಫ್ಯಾನಿನಾಗ ಧೂಳ ಕುಂತೈತಿ," ಎಂದಳು. "ಬಿಚ್ಚಿ ಒರಸ್ತೀನಿ. ಬೆಳಿಗ್ಗೆ ತಂಪೊತ್ತಿನ್ಯಾಗ ಕುಂತು ಕೆಲಸ ಮಾಡಿದ್ರ ಆಗತೈತಿ."

ನಾನು ಕರುಣೆಯಿಂದ ನಕ್ಕೆ. "ಧೂಳಾ? ಗಿರಿಜಾ, ಇದು ಶಾಖದ ಪ್ರಶ್ನಿ. ನನಗ ಬಿಡು."

"ನಿಮಗ ಬಿಟ್ಟಿದ್ದ ಮಿಕ್ಸರ್ ಇನ್ನೂ ಅಟ್ಟದ ಮ್ಯಾಲ ಐತ್ರಿ."

ನಾನು ಘನತೆಯಿಂದ ಎದ್ದು ಸ್ಕ್ರೂ ಡ್ರೈವರ್ ಹುಡುಕಲು ಹೋದೆ.

ಪ್ರಥಮ ಕ್ರಮವಾಗಿ, ಕಂಪ್ಯೂಟರಿನ ಪಕ್ಕದ ಬಾಗಿಲನ್ನು ಬಿಚ್ಚಿ, ಅದರ ಎದುರು ಟೇಬಲ್ ಫ್ಯಾನನ್ನು ವಿಧಿವತ್ತಾಗಿ ಪ್ರತಿಷ್ಠಾಪಿಸಲಾಯಿತು. ಫ್ಯಾನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ರಸ್ತೆಯ ಬಿಸಿಗಾಳಿಯನ್ನು ಎಳೆದು ತಂದಿತು, ಅದರ ಜೊತೆಗೆ ರಸ್ತೆಯನ್ನೂ ತಂದಿತು. ಕಬ್ಬಿನ ಟ್ರ್ಯಾಕ್ಟರ್ ಒಂದು ಹೋದರೆ ಸಾಕು, ಕಾರ್ಡಿನ ಮೇಲೆ ಒಂದು ಪದರ ಮಣ್ಣು!

ದ್ವಿತೀಯ ಕ್ರಮವಾಗಿ ನೀರಿನ ಕೂಲರ್ ಬಂತು. ನೇರವಾಗಿ ಕಂಪ್ಯೂಟರಿನ ಹೊಟ್ಟೆಗೇ ಮುಖ ಮಾಡಿ ನಿಲ್ಲಿಸಿದೆ. ಕೋಣೆಯ ಬಾಗಿಲು, ಕಿಟಕಿ ಎಲ್ಲ ಗಟ್ಟಿಯಾಗಿ ಮುಚ್ಚಿದೆ, ತಂಪು ಹೊರಗೆ ಹೋಗಬಾರದಲ್ಲ! ಒಂದು ತಾಸಿನಲ್ಲಿ ಕೋಣೆ ಇಡ್ಲಿ ಪಾತ್ರೆಯ ಹಾಗಾಯಿತು. ಗಿರಿಜಾ ಆಲ್ಬಮ್ಮಿಗೆಂದು ಇಟ್ಟುಕೊಂಡಿದ್ದ ಫೋಟೋ ಕಾಗದಗಳೆಲ್ಲ ಹಪ್ಪಳದಂತೆ ಸುರುಳಿ ಸುತ್ತಿಕೊಂಡವು. ಆಕೆ ಒಳಗೆ ಬಂದು ನೋಡಿ, ಕೂಲರಿನ ವೈರನ್ನು ಗೋಡೆಯಿಂದ ಕಿತ್ತಳು.

ಇಂಥ ಹೊತ್ತಿನಲ್ಲಿ ನಮ್ಮ ಓಣಿಯ ಅಪ್ಪಾಸಾಹೇಬ ಕಾಕಾ ಬಂದರು. ಊರ ಹೊರಗೆ ಅವರದು ದ್ರಾಕ್ಷಿ ತೋಟ, ಅದರ ಪಕ್ಕದಲ್ಲೇ ದ್ರಾಕ್ಷಿ ಒಣಗಿಸುವ ಶೆಡ್ಡು. ನನ್ನ ಸಂಕಟ ಕೇಳಿ ಅವರು ಮೀಸೆ ತಿರುವಿದರು.

"ಮಾಸ್ತರ್ರ, ಮನ್ಯಾಗ ಗಾಳಿ ಎಲ್ಲೈತ್ರಿ? ನಮ್ಮ ಶೆಡ್ಡಿಗಿ ತರ್ರಿ. ಇತ್ತಿಂದ ಹೊಕ್ಕ ಗಾಳಿ ಅತ್ತ ಹೊಂಡತೈತಿ. ದ್ರಾಕ್ಷಿಗಿ ನಡಿಯೂದು ಕಂಪ್ಯೂಟರಿಗಿ ಯಾಕ ನಡಿಯಂಗಿಲ್ಲ?"

ನನ್ನ ತಲೆಯಲ್ಲಿ ದೀಪ ಹತ್ತಿತು.

ಶೆಡ್ಡು ನೋಡದವರಿಗೆ ಹೇಳುತ್ತೇನೆ. ಗೋಡೆ ಇರುವುದಿಲ್ಲ. ಮೇಲೆ ತಗಡು, ಸುತ್ತ ಹಸಿರು ಪರದೆ, ಒಳಗೆ ಒಂದರ ಮೇಲೊಂದು ಜಾಳಿಗೆಯ ಅಂತಸ್ತು. ಅದರ ಮೇಲೆ ಹಸಿ ದ್ರಾಕ್ಷಿ ಹರಡಿದರೆ ಗಾಳಿಗೆ ಒಣಗಿ ಮಣೂಕವಾಗುತ್ತದೆ. ಒಣದ್ರಾಕ್ಷಿಗೆ ನಾವು ಮಣೂಕ ಅನ್ನುತ್ತೇವೆ. ಪೂರ್ತಿ ಒಣಗಿದ ಮೇಲೆ ಜಾಳಿಗೆ ಹಿಡಿದು ಜೋರಾಗಿ ಅಲ್ಲಾಡಿಸಿದರೆ ಎಲ್ಲ ಪಟಪಟ ಉದುರಿ ಕೆಳಗೆ ಬೀಳುತ್ತದೆ. ಈ ಕೊನೆಯ ಸಂಗತಿಯನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಕುಬಸಕ್ಕೆ ಎರಡೇ ದಿನ ಉಳಿದಿತ್ತು. ಗಿರಿಜಾ ವಿಡಿಯೋ ಜೋಡಿಸುವುದನ್ನು ಮುಗಿಸಿದ್ದಳು. ಇನ್ನು ಒಂದು ಗುಂಡಿ ಒತ್ತಿದರೆ ಕಂಪ್ಯೂಟರ್ ತಾನೇ ಕೆಲವು ತಾಸು ದುಡಿದು ಇಡೀ ಮದುವೆಯನ್ನು ಒಂದು ಸಿನಿಮಾ ಮಾಡಿ ಕೊಡಬೇಕು. ಅದೇ ಕಾರ್ಡಿಗೆ ಎಲ್ಲಕ್ಕಿಂತ ಬಿಸಿ ಕೆಲಸ. ಅವತ್ತು ಆಕೆಗೆ ಚಿಕ್ಕೋಡಿಯಲ್ಲಿ ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯ.

"ಬಂದು ನಾನ ಒತ್ತತೀನಿ. ನೀವು ಕೈ ಹಚ್ಚಬ್ಯಾಡ್ರಿ," ಎಂದು ಹೇಳಿ ಬಸ್ಸು ಹತ್ತಿದಳು.

ಬಸ್ಸು ತಿರುವು ದಾಟುವ ಮೊದಲೇ ನಾನು ಕಾಕಾಗೆ ಫೋನ್ ಮಾಡಿದ್ದೆ!

ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಗಾದಿ ಹಾಸಿ, ಹೊಸ ಮದುಮಗಳನ್ನು ಕರೆದೊಯ್ಯುವ ಹಾಗೆ ಕಂಪ್ಯೂಟರನ್ನು ಶೆಡ್ಡಿಗೆ ಕರೆದೊಯ್ದೆವು. ಪಂಪ್‌ಸೆಟ್ ಕೋಣೆಯಿಂದ ವೈರ್ ಎಳೆದೆವು. ಕೆಳಗಿನ ಅಂತಸ್ತಿನಲ್ಲಿ ಒಂದು ಹಲಗೆ ಇಟ್ಟು, ಬಾಗಿಲು ಬಿಚ್ಚಿದ ಕಂಪ್ಯೂಟರ್ ಡಬ್ಬಿಯನ್ನು ಗಾಳಿ ಚೆನ್ನಾಗಿ ಹೊಗಲೆಂದು ಅಡ್ಡ ಮಲಗಿಸಿದೆ. ತೆರೆದ ಹೊಟ್ಟೆ ಆಕಾಶದ ಕಡೆಗೆ. ಬಿಸಿಗಾಳಿ ಮೇಲಕ್ಕೇರುತ್ತದೆ ಎಂಬುದು ಎಂಟನೇ ಕ್ಲಾಸಿನ ಪಾಠ. ಕಂಪ್ಯೂಟರಿನ ಪರದೆಯನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಗುಂಡಿ ಒತ್ತಿದೆ.

ಪರದೆಯ ಮೇಲಿನ ಶಾಖದ ಅಂಕಿ ಮನೆಯಲ್ಲಿ ಇದ್ದದ್ದಕ್ಕಿಂತ ಇಳಿಯಿತು! ಕೆಲಸದ ಹೆಣ್ಣುಮಕ್ಕಳು ಪರದೆಯಲ್ಲಿ ಓಡುತ್ತಿದ್ದ ಮದುವೆಯನ್ನು ನೋಡುತ್ತಾ ಸುತ್ತ ನಿಂತು, "ಅಯ್ಯ, ಮದಮಗಳ ಸೋದರಮಾವ ಎಷ್ಟ ಕುಣಿತಾನ ನೋಡಬೇ," ಎಂದು ನಕ್ಕರು. ಕಾಕಾ ನನ್ನ ಬೆನ್ನು ತಟ್ಟಿದರು. ಗಿರಿಜಾ ಬಂದಾಗ ಏನು ಹೇಳಬೇಕು ಎಂಬುದನ್ನು ಮನಸ್ಸಿನಲ್ಲೇ ತಯಾರು ಮಾಡಿಕೊಳ್ಳುತ್ತಾ ನಾನು ರಸ್ತೆ ಬದಿಯ ಅಂಗಡಿಗೆ ಚಹಾ ಕುಡಿಯಲು ಹೋದೆ. ಬಹಳ ಹೆಚ್ಚು ಹೊಗಳಿಕೊಳ್ಳಬಾರದು ಎಂದೂ ನಿಶ್ಚಯಿಸಿದೆ.

ಇತ್ತ ಶೆಡ್ಡಿನಲ್ಲಿ ವಿಜ್ಞಾನ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕಾರ್ಡು ಉಗುಳಿದ ಬಿಸಿಗಾಳಿ ನೇರ ಮೇಲಕ್ಕೇರಿ, ಮೇಲಿನ ಜಾಳಿಗೆಯ ದ್ರಾಕ್ಷಿಗೆ ತಾಗುತ್ತಿತ್ತು. ಇನ್ನೂ ಎರಡು ದಿನ ಬೇಕಾಗಿದ್ದ ದ್ರಾಕ್ಷಿ ಮಧ್ಯಾಹ್ನಕ್ಕೇ ಒಣಗಿ ನಿಂತಿತು. ಕಾಕಾ ಮುಟ್ಟಿ ನೋಡಿದರು, ಬಾಯಿಗೆ ಹಾಕಿ ನೋಡಿದರು, ಹಿಗ್ಗಿದರು. ಒಣಗಿದ್ದನ್ನು ಉದುರಿಸದೆ ಬಿಡುವುದು ಅವರ ಜಾಯಮಾನದಲ್ಲೇ ಇಲ್ಲ.

ಚಹಾದಂಗಡಿಯ ಹರಟೆಗೆ ಸಿಕ್ಕಿಬಿದ್ದಿದ್ದ ನಾನು ಮಧ್ಯಾಹ್ನ ತಿರುಗಿ ಬರುವಾಗ ಶೆಡ್ಡಿನೊಳಗೆ ಆಣೆಕಲ್ಲು ಬಿದ್ದ ಸದ್ದು. ಆಕಾಶ ನೋಡಿದೆ, ಸ್ವಚ್ಛವಾಗಿತ್ತು! ಓಡಿದೆ. ಇಬ್ಬರು ಹೆಣ್ಣುಮಕ್ಕಳು ಅತ್ತ ಇತ್ತ ಜಾಳಿಗೆ ಹಿಡಿದು ಜೋಕಾಲಿ ತೂಗಿದ ಹಾಗೆ ತೂಗುತ್ತಿದ್ದರು. ಮಣೂಕದ ಮಳೆ! ಕಂಪ್ಯೂಟರಿನೊಳಗಿಂದ "ಕಟ ಕಟ ಕಟ" ಎಂದು ಒಂದು ಸದ್ದು ಬಂತು. ಆಮೇಲೆ ಅದೂ ಇಲ್ಲ.

"ಕಾಕಾ! ಕಂಪ್ಯೂಟರ್ರೀ!" ಎಂದು ಚೀರಿದೆ.

"ಗಾಬರಿ ಆಗಬ್ಯಾಡ್ರಿ ಮಾಸ್ತರ್ರ," ಎಂದರು ಕಾಕಾ ಸಮಾಧಾನದಿಂದ. "ಅದನ್ನ ಜ್ವಾಕಿಲೆ ಮುಚ್ಚೇನಿ."

ನೋಡಿದೆ. ಸ್ಟೂಲಿನ ಮೇಲಿನ ಪರದೆಗೆ ತಮ್ಮ ಹೆಗಲ ಮೇಲಿನ ಟವೆಲ್ಲನ್ನು ಹೊದಿಸಿ, ಗಾಳಿಗೆ ಹಾರದಂತೆ ಗಂಟನ್ನೂ ಹಾಕಿದ್ದರು.

"ಕಂಪ್ಯೂಟರ್ ಈ ಡಬ್ಬಿರೀ!"

"ಹೌದಾ?" ಎಂದರು ಕಾಕಾ. "ನಾ ಅದನ್ನ ಬ್ಯಾಟರಿ ಅಂತ ತಿಳದಿದ್ನೆಲ್ರಿ."

ಕಾರ್ಡಿನ ಒಂದು ಫ್ಯಾನಿನಲ್ಲಿ ಮಣೂಕ ಜಜ್ಜಿ ಅಂಟಿಕೊಂಡಿತ್ತು, ಇನ್ನೊಂದರಲ್ಲಿ ದ್ರಾಕ್ಷಿಯ ಕಡ್ಡಿ ಸಿಕ್ಕಿತ್ತು. ಗುಂಡಿ ಒತ್ತಿದರೆ ಕಂಪ್ಯೂಟರ್ ಉಸಿರೆತ್ತಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಮಿಕ್ಸರ್ ಕೆಟ್ಟರೆ ಚಟ್ನಿ ಇಲ್ಲ, ಅಷ್ಟೇ. ಇದರೊಳಗೆ ಗಿರಿಜಾಳ ಇಷ್ಟು ದಿನದ ದುಡಿಮೆ ಇತ್ತು.

ಸಂಜೆ ಆಕೆ ಮನೆಗೆ ಬಂದಾಗ ಕಂಪ್ಯೂಟರ್ ತನ್ನ ಜಾಗದಲ್ಲೇ ಇತ್ತು, ನಾನು ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಆಕೆ ನನ್ನ ಮುಖ ನೋಡಿ ಡಬ್ಬಿಯನ್ನು ಎತ್ತಿ ಬೋರಲು ಮಾಡಿದಳು. ನೆಲದ ಮೇಲೆ ಬುಳಬುಳನೆ ಮಣೂಕ ಸುರಿಯಿತು.

"ಇದೇನ್ರಿ?"

"ಮಣೂಕ."

"ಅದು ಕಾಣಾಕತ್ತೈತಿ."

ಆಕೆಯ ಕಣ್ಣಲ್ಲಿ ನೀರು ತುಂಬಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ನನಗೆ ನನ್ನ ಮೇಲೇ ಹೇಸಿಗೆ ಬಂತು, "ತಪ್ಪಾತು ಗಿರಿಜಾ," ಎಂದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಸ್ಕ್ರೂ ಡ್ರೈವರ್ ಕೊಡ್ರಿ. ಕೊಟ್ಟು ದೂರ ನಿಂದರ್ರಿ," ಎಂದಳು.

ದೂರ ನಿಂತೆ. ಆಕೆ ಕಾರ್ಡನ್ನು ಬಿಚ್ಚಿ ಹೊರತೆಗೆದಳು. ಚಿಮಟದಿಂದ ಒಂದೊಂದೇ ಸಿಪ್ಪೆ ಕಿತ್ತಳು, ಬ್ರಶ್ಶಿನಿಂದ ಧೂಳು ತೆಗೆದಳು, ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿದಳು. ಕಾವು ಮಿತಿಮೀರಿದಾಗ ಯಂತ್ರ ತನ್ನನ್ನು ತಾನೇ ಬಂದ್ ಮಾಡಿಕೊಂಡಿತ್ತಂತೆ. ಯಂತ್ರಕ್ಕೆ ನನಗಿಂತ ಬುದ್ಧಿ ಇತ್ತು! ಮರುದಿನ ಬೆಳಿಗ್ಗೆ ಗಾಳಿ ತಂಪಾಗಿರುವಾಗ, ಕಾರ್ಡಿನ ವೇಗವನ್ನು ಸ್ವಲ್ಪ ತಗ್ಗಿಸಿ ಆಕೆ ಗುಂಡಿ ಒತ್ತಿದಳು. ಬಿಸಿಲೇರುವಷ್ಟರಲ್ಲಿ ಸಿನಿಮಾ ತಯಾರಾಗಿತ್ತು. ಯಾವ ಕೂಲರೂ ಇಲ್ಲ, ಯಾವ ಶೆಡ್ಡೂ ಇಲ್ಲ.

ಯಡೂರಿನಲ್ಲಿ ಕುಬಸದ ದಿನ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕುಳಿತ ಮಗಳ ಎದುರು ದೊಡ್ಡ ಪರದೆಯಲ್ಲಿ ಆಕೆಯ ಮದುವೆ ನಡೆಯಿತು. ಮಗಳು ಗಂಡನ ಮನೆಗೆ ಹೊರಡುವ ದೃಶ್ಯ ಬಂದಾಗ ಹೆಂಗಸರೆಲ್ಲ ಮತ್ತೊಮ್ಮೆ ಹೊಸದಾಗಿ ಅತ್ತರು. ಗಿರಿಜಾಳ ಮುಖ ಅರಳಿತ್ತು. ಇದರಲ್ಲಿ ನನ್ನ ಪಾಲೂ ಸ್ವಲ್ಪ ಇದೆ ಎಂದು ಅನ್ನಿಸತೊಡಗಿತು, ಯಾವ ಪಾಲು ಎಂದು ಮಾತ್ರ ಹೊಳೆಯಲಿಲ್ಲ.

ಊಟಕ್ಕೆ ಕುಳಿತಾಗ ಸುನಂದಕ್ಕ ನಮ್ಮ ಎದುರು ಬಂದು ನಿಂತರು.

"ಗಿರಿಜಕ್ಕಾ, ಸಣ್ಣಾಕಿ ಮದವಿ ಎಲ್ಲಾ ನಿಮ್ದರಿ. ಮಿರಜಿನವರು ನಮಗ ಬ್ಯಾಡ. ಆದ್ರ ಒಂದ ಮಾತು." ಅವರು ನನ್ನ ಕಡೆ ತಿರುಗಿದರು. ಕಾಕಾ ಬಾಯಿಂದ ಸುದ್ದಿ ಕೃಷ್ಣಾ ತೀರದ ಯಡೂರಿನವರೆಗೂ ಮುಟ್ಟಿತ್ತು. "ಮಾಸ್ತರ್ನ ಮದವಿಗಿ ತಪ್ಪದ ಕರಕೊಂಡ ಬರ್ರಿ, ಉಣ್ಣಲಿ, ತಿನ್ನಲಿ. ಆದ್ರ ವಿಡಿಯೋ ನಮ್ಮ ಕೈಗಿ ಬರೂತನಕ ಅವರನ್ನ ಮನ್ಯಾಗ ಇಟಗೋಬ್ಯಾಡ್ರಿ. ಬೇಕಾದ್ರ ನಮ್ಮಲ್ಲೆ ಕಳಸ್ರಿ, ನಾವ ಜ್ವಾಕಿ ಮಾಡತೀವಿ."

ಗಿರಿಜಾ ಒಂದು ಕ್ಷಣವೂ ಯೋಚಿಸಲಿಲ್ಲ. "ಆತ್ರಿ ಅಕ್ಕಾ," ಎಂದಳು.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಡಿಸುವವನು ಹೋಳಿಗೆ ತಂದ. ನಾನು ಎಲೆಯನ್ನು ಅವನ ಕಡೆಗೆ ಸರಿಸಿದೆ.