ತುಂಬಿದ ಸಿಲಿಂಡರ್, ಖಾಲಿ ಹೊಟ್ಟೆ

ಊರವರ ಅಡುಗೆಮನೆಗೆ ಹೋಗಿ ಬರುವುದೇ ಕೆಲಸವಾದ ಮೇಲೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಮನೆಮನೆಗೆ ಸಿಲಿಂಡರ್ ಹಾಕುವ ಕೆಲಸಕ್ಕೆ ಸೇರಿದೆ. ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಬಂದರೆ ಸಂಜೆಯವರೆಗೂ ಮೆಟ್ಟಿಲು ಹತ್ತುವುದು, ಇಳಿಯುವುದು. ಗ್ಯಾಸ್ ಬುಕ್ ಮಾಡಿ ವಾರಗಟ್ಟಲೆ ಕಾಯುತ್ತಿದ್ದ ಕಾಲ ಅದು. ನಮ್ಮ ಟೆಂಪೋ ಬೀದಿಗೆ ತಿರುಗಿತೆಂದರೆ ತವರಿನಿಂದ ಯಾರೋ ಬಂದಷ್ಟು ಸಂಭ್ರಮ.

ನನ್ನ ಕಷ್ಟ ಮಾತ್ರ ಬೇರೆ. ಬೆಳಿಗ್ಗೆ ತಿಂದದ್ದು ನಾಲ್ಕು ಮನೆ ಹತ್ತಿ ಇಳಿಯುವುದರೊಳಗೆ ಕರಗಿ ಹೋಗಿರುತ್ತಿತ್ತು. ಆಮೇಲೆ ಒಂದು ಮನೆಯಲ್ಲಿ ಹುಳಿಗೆ ಇಂಗಿನ ಒಗ್ಗರಣೆ, ಪಕ್ಕದ ಮನೆಯಲ್ಲಿ ಮೀನು ಹುರಿಯುವುದು, ಅದರಾಚೆ ಬದನೆಕಾಯಿ ಸುಡುವುದು. ಮೂಗು ಮುಚ್ಚಿಕೊಳ್ಳೋಣ ಅಂದರೆ ಎರಡು ಕೈಯೂ ಸಿಲಿಂಡರ್ ಮೇಲೆ!

ಅಜ್ಜಿಯ ಔಷಧಿ

ಕೆಲಸಕ್ಕೆ ಸೇರಿದ ದಿನ ಹೆಂಡತಿ, "ಭಾರ ಹೊರೋ ಕೆಲಸ, ಗಟ್ಟಿಯಾಗಿ ತಿನ್ನಿ" ಎಂದು ರೊಟ್ಟಿಯ ಮೇಲೆ ರೊಟ್ಟಿ ಹಾಕಿದಳು. ಹೊಸದಾಗಿ ಮದುವೆಯಾಗಿತ್ತು, ಬೇಡ ಅನ್ನುವುದು ಇನ್ನೂ ಕಲಿತಿರಲಿಲ್ಲ.

ಟೆಂಪೋ ಡ್ರೈವರ್ ನನಗಿಂತ ತುಂಬಾ ಹಿರಿಯರು. ಅವರೂ ಮೂಲತಃ ಭದ್ರಾವತಿಯವರೇ, ಮನೆಮಾತು ತಮಿಳು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಅನ್ನುತ್ತಿದ್ದರು. ಸಡಿಲಿಸಿದ ನನ್ನ ಬೆಲ್ಟು ನೋಡಿಯೇ ಅವರಿಗೆ ಗೊತ್ತಾಯಿತು.

"ಏನು ತಂಬಿ, ಫುಲ್ಲಾಗಿ ತಿಂದ್ಕೊಂಡು ಬಂದಿದೀಯಾ? ತುಂಬಿದ ಹೊಟ್ಟೆ, ತುಂಬಿದ ಸಿಲಿಂಡರ್, ಎರಡನ್ನೂ ಒಟ್ಟಿಗೆ ಹೊರಬಾರದು."

ನಾನು ನಕ್ಕುಬಿಟ್ಟೆ. ದುರ್ಗಿಗುಡಿಯ ಒಂದು ಮಹಡಿ ಮನೆ. ಇಕ್ಕಟ್ಟಾದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಅರ್ಧ ಹತ್ತುವಷ್ಟರಲ್ಲಿ ಬಿಕ್ಕಳಿಕೆ ಶುರುವಾಯಿತು. ಒಂದೊಂದು ಬಿಕ್ಕಳಿಕೆಗೂ ಹೆಗಲು ಎಗರುವುದು, ಹೆಗಲ ಮೇಲಿನ ಸಿಲಿಂಡರ್ ಕಂಬಿಗೆ ಬಡಿದು 'ಠಣ್' ಅನ್ನುವುದು. ಇಳಿಸೋಣ ಅಂದರೆ ಜಾಗವಿಲ್ಲ. ಹಿಕ್, ಠಣ್. ಹಿಕ್, ಠಣ್.

ಮೇಲೆ ಬಾಗಿಲು ತೆರೆಯಿತು. ಒಬ್ಬ ಅಜ್ಜಿ ಸೆರಗು ಹೊದ್ದು, ಕೈ ಮುಗಿದುಕೊಂಡು ನಿಂತಿದ್ದರು. "ಯಾವ ದೇವರು ಬಂತಪ್ಪಾ?"

"ದೇವರಲ್ಲ ಅಜ್ಜೀ... ಹಿಕ್... ಗ್ಯಾಸು!"

ಅಜ್ಜಿ ಕೈ ಇಳಿಸಿದರು. "ಅದು ಕೇಳಿದ್ರೇ ಗೊತ್ತಾಗುತ್ತೆ. ಒಂದು ಚಿಟಿಕೆ ಓಂಕಾಳು ಅಗಿದು ಬಿಸಿನೀರು ಕುಡಿ, ಇಳಿಯುತ್ತೆ."

ಕಾಫಿ ಬೇಡ

ಅಂದಿನಿಂದ ಬೆಳಿಗ್ಗೆ ಅರ್ಧ ಹೊಟ್ಟೆ ತಿನ್ನುವುದು ರೂಢಿಯಾಯಿತು. ಉಳಿದರ್ಧವನ್ನು ಜನ ಕಾಫಿಯಿಂದ ತುಂಬಿಸುತ್ತಿದ್ದರು. ಹೊಸ ಸಿಲಿಂಡರ್ ಕೂರಿಸಿದ ಮೇಲೆ ಒಲೆ ಹತ್ತುತ್ತದೋ ಇಲ್ಲವೋ ನೋಡಬೇಕಲ್ಲ. ನೋಡುವಾಗ ಸುಮ್ಮನೆ ಯಾಕೆ ಉರಿಸುವುದು ಅಂತ ಹಾಲಿಡುವರು. ಆಗಿನ ಜನ ಬೆವರು ಕಂಡರೆ ಒಂದು ಲೋಟ ಏನಾದರೂ ಕೊಡದೆ ಕಳಿಸುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಡೆದರೆ ಹೊಟ್ಟೆಯೊಳಗೆ ಕೊಡ ತುಳುಕಿದ ಸದ್ದು. ಹಸಿವು ಮಾತ್ರ ಇದ್ದಲ್ಲೇ ಇರುತ್ತಿತ್ತು.

ಒಂದು ದಿನ ತಡೆಯಲಾಗದೆ ಒಬ್ಬ ಅಮ್ಮನವರ ಹತ್ತಿರ ಬಾಯಿಬಿಟ್ಟು ಹೇಳಿಯೇಬಿಟ್ಟೆ. "ಅಮ್ಮಾ, ಬೆಳಿಗ್ಗೆಯಿಂದ ಬರೀ ಕಾಫಿ ಕುಡಿದು ಸಾಕಾಗಿದೆ, ಹೊಟ್ಟೆ ಹಸೀತಾ ಇದೆ."

ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ಅಯ್ಯೋ ಪಾಪ, ಮೊದಲೇ ಹೇಳಬಾರದಾ? ಕೂತ್ಕೋ, ಟೀ ಮಾಡ್ತೀನಿ."

ಡಬ್ಬಿ ಬದಲಾವಣೆ

ಅಣ್ಣ ಈಗಿಲ್ಲ. ಹುಣಸೆಹಣ್ಣು ಕುದಿಯುವ ವಾಸನೆ ಬಂದರೆ ಇವತ್ತಿಗೂ ಅವರ ಪಕ್ಕ ಟೆಂಪೋದಲ್ಲಿ ಕೂತ ಹಾಗಾಗುತ್ತದೆ. ಅವರ ಮನೆಯ ಪುಳಿಸಾದ, ಅಂದರೆ ಹುಣಸೆಹುಳಿಯ ಅನ್ನದ ಮೇಲೆ ನನಗೆ ಆಸೆ. ನನ್ನ ಹೆಂಡತಿಯ ಅಕ್ಕಿರೊಟ್ಟಿ, ಎಣ್ಣೆಗಾಯಿಯ ಮೇಲೆ ಅವರಿಗೆ. ಮೊದಮೊದಲು ಒಂದೊಂದು ತುತ್ತು ಕೊಟ್ಟು ತೆಗೆದುಕೊಳ್ಳುತ್ತಿದ್ದೆವು, ಆಮೇಲೆ ಡಬ್ಬಿಯನ್ನೇ ಬದಲಾಯಿಸಿಕೊಂಡೆವು. ಇಬ್ಬರ ಮನೆಯಲ್ಲೂ ಹೇಳಿರಲಿಲ್ಲ. ಯಾವ ಹೆಂಡತಿಗೆ ಹೇಳಲಿಕ್ಕಾಗುತ್ತದೆ?

ಒಂದು ಸಲ ನನ್ನ ಹೆಂಡತಿ ತವರಿಗೆ ಹೋಗುವ ವಿಷಯಕ್ಕೆ ನಮ್ಮಿಬ್ಬರಿಗೂ ಜೋರು ಜಗಳವಾಯಿತು. ಬೆಳಿಗ್ಗೆ ಮಾತಿಲ್ಲ, ಕತೆಯಿಲ್ಲ, ಡಬ್ಬಿ ಮಾತ್ರ ತಂದು ಕುಕ್ಕಿದಳು. ಪರವಾಗಿಲ್ಲ, ಕೋಪದಲ್ಲೂ ಮರೆಯಲಿಲ್ಲವಲ್ಲ ಅಂತ ಮನಸ್ಸಿಗೆ ಹಿತವಾಯಿತು.

ಮಧ್ಯಾಹ್ನ ನಾನು ಪುಳಿಸಾದ ಚಪ್ಪರಿಸುತ್ತಿದ್ದೆ. ಪಕ್ಕದಲ್ಲಿ ಅಣ್ಣ ಎಣ್ಣೆಗಾಯಿಯ ಎರಡನೇ ತುತ್ತಿಗೇ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದುಕೊಂಡರು. ಖಾರಕ್ಕೆ ಕಿವಿ ಕೆಂಪಾಯಿತು, ಮೂಗಿನಿಂದ ನೀರಿಳಿಯಿತು. ಊಟಕ್ಕೆ ಹೆಸರಿಡುವ ಮನುಷ್ಯ ಅಲ್ಲ ಅವರು. ಪೂರ್ತಿ ತಿಂದು, ಒಂದು ಕ್ಯಾನ್ ನೀರು ಕುಡಿದು, ಡಬ್ಬಿ ತೊಳೆದು ಕೊಟ್ಟರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸುವಾಗ ಇಷ್ಟೇ ಹೇಳಿದರು:

"ತಂಬೀ, ಮನೇಲಿ ಜಗಳ ಆಡಿದ ದಿನ ಮೊದಲೇ ಹೇಳ್ಬಿಡು. ಅವತ್ತು ಮಾತ್ರ ಅವರವರ ಹೆಂಡತಿ ಅಡುಗೆ ಅವರವರೇ ತಿನ್ನೋಣ."

ಪ್ರಸಾದ ಬಿಟ್ಟು ಹೋದವರು

ಇನ್ನೊಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಜ್ಜಿಗೆ ಅರ್ಧ ಹುರಿದಾಗ ಗ್ಯಾಸ್ ಮುಗಿದು, ಮನೆಯಾಕೆ ಬಾಣಲೆ ಹಿಡಿದುಕೊಂಡೇ ಗೇಟಿನವರೆಗೆ ಓಡಿ ಬಂದಿದ್ದರು. ಸಿಲಿಂಡರ್ ಕೂರಿಸಿದೆ. ತುಪ್ಪದಲ್ಲಿ ರವೆ ಹುರಿಯುವ ಘಮ, ಅದರ ಹಿಂದೆಯೇ ಬಾಳೆಹಣ್ಣು, ಏಲಕ್ಕಿ. ಹೊರಡಲು ಕಾಲೇ ಬರಲಿಲ್ಲ. ಅಷ್ಟರಲ್ಲಿ ನಡುಮನೆಯಲ್ಲಿ ಪುರೋಹಿತರು ಪ್ರಸಾದ ತೆಗೆದುಕೊಳ್ಳದೆ ಹೋದವರಿಗೆ ಏನೇನು ಕೇಡಾಯಿತು ಅನ್ನುವ ಭಾಗಕ್ಕೆ ಬಂದರು. ನಾನು ಭಯಭಕ್ತಿಯಿಂದ ನಡುಮನೆಯ ಗೋಡೆಗೊರಗಿ ಕೂತೆ.

ಹೊರಗೆ ಅಣ್ಣ ಹಾರ್ನ್ ಹೊಡೆದರು, ಹೊಡೆದರು, ಕೊನೆಗೆ ಬೈಯಲು ಒಳಗೇ ಬಂದರು. ಮೂಗು ಒಂದು ಸಲ ಅಡುಗೆಮನೆ ಕಡೆ ತಿರುಗಿತು. ಚಪ್ಪಲಿ ಬಿಟ್ಟು ನನ್ನ ಪಕ್ಕ ಕೂತರು. ಬೀದಿಯಲ್ಲಿ ಗಾಡಿ ಇದೆ, ಜನ ಇಲ್ಲ. ನಮ್ಮನ್ನು ಹುಡುಕಿಕೊಂಡು ಎದುರುಮನೆ ಮೇಷ್ಟ್ರು ಬಂದರು, ಮೂಲೆಮನೆ ದಂಪತಿ ಬಂದರು, ಹಿಂದಿನ ಸಾಲಿನವರು ಖಾಲಿ ಸಿಲಿಂಡರ್ ಉರುಳಿಸಿಕೊಂಡೇ ಬಂದರು. ಪೂಜೆ ನಡೆಯುವಾಗ ಗ್ಯಾಸ್ ಎಲ್ಲಿ ಅಂತ ಕೇಳುವುದು ಹೇಗೆ? ಎಲ್ಲರೂ ಕೈ ಮುಗಿದು ಕೂತರು.

ಯಜಮಾನರು ಹಿಂತಿರುಗಿ ನೋಡುತ್ತಾರೆ, ನಡುಮನೆ ತುಂಬಿ ಹೋಗಿದೆ! ದೇವರ ಕಡೆ ತಿರುಗಿ ಕೈ ಮುಗಿದರು. "ಕರೆಯದೇ ಇಷ್ಟು ಜನ ಬಂದಿದ್ದಾರೆ ಅಂದ್ರೆ ಎಲ್ಲಾ ಸ್ವಾಮಿಯ ದಯೆ. ಶಾಸ್ತ್ರಿಗಳೇ, ಪಾಪ ಇವರು ತಡವಾಗಿ ಬಂದರು. ಕತೆ ಮೊದಲಿಂದ ಇನ್ನೊಂದು ಸಲ ಓದಿಬಿಡಿ."

ಬಿಳಿ ಶರ್ಟಿನ ದಿನ

ಇದು ಮಳೆಗಾಲದ ಮಾತು. ಯೂನಿಫಾರ್ಮ್ ಒಣಗಿರಲಿಲ್ಲ. ಮದುವೆಯಲ್ಲಿ ಮಾವ ಕೊಡಿಸಿದ್ದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದೆ. ಸಾಲದ್ದಕ್ಕೆ ಡಬ್ಬಿಯನ್ನು ಬಸ್ಸಿನಲ್ಲೇ ಮರೆತಿದ್ದೆ. ಅಣ್ಣ ಆ ದಿನ ಉಪವಾಸ, ಅವರದ್ದೂ ಡಬ್ಬಿ ಇಲ್ಲ. ಮಧ್ಯಾಹ್ನ ಮೂರಾದರೂ ಕಾಫಿ ಬಿಟ್ಟು ಹೊಟ್ಟೆಗೇನೂ ಬಿದ್ದಿರಲಿಲ್ಲ, ಕಣ್ಣು ಕತ್ತಲೆ ಬರುತ್ತಿತ್ತು.

ಒಂದು ಮನೆ ಹತ್ತಿರ ಅಣ್ಣ ಗಾಡಿ ತಿರುಗಿಸುತ್ತಾ, "ಮೊದಲು ಹೋಗಿ ಮನೇಲಿದ್ದಾರಾ ನೋಡು" ಅಂದರು. ಗೇಟಿನಲ್ಲಿ ದಪ್ಪ ಕನ್ನಡಕದ ಹಿರಿಯರೊಬ್ಬರು ನಿಂತಿದ್ದರು.

"ಬನ್ನಿ ಬನ್ನಿ, ಬೆಳಿಗ್ಗೆಯಿಂದ ನಿಮ್ಮನ್ನೇ ಕಾಯ್ತಾ ಇದ್ವಿ!"

ಗ್ಯಾಸಿನವರಿಗೆ ಎಲ್ಲ ಮನೆಯಲ್ಲೂ ಇದೇ ಮಾತು ಸಿಗುತ್ತಿತ್ತು. ಹಾಗಾಗಿ ನನಗೇನೂ ಅನ್ನಿಸಲಿಲ್ಲ.

"ಒಬ್ಬರೇ ಬಂದ್ರಾ?"

"ಇಲ್ಲ ಸಾರ್, ಇನ್ನೊಬ್ಬರು ಹಿಂದೆ ಗಾಡೀಲಿ ಬರ್ತಿದ್ದಾರೆ."

"ಬರಲಿ ಬರಲಿ. ನೀವು ಕೂತ್ಕೊಳ್ಳಿ." ಸೋಫಾದ ಮೇಲೇ ಕೂರಿಸಿದರು. ಕೂರುವುದರೊಳಗೆ ಒಂದು ತಟ್ಟೆ ಬಂತು. ಒಂದು ಕಡೆ ಉಪ್ಪಿಟ್ಟು, ಇನ್ನೊಂದು ಕಡೆ ಹೊಳೆಯುವ ಕೇಸರಿಬಾತ್. ಎಂಥಾ ಜನ, ಎಂಥಾ ಮನೆ ಅಂದುಕೊಂಡೆ. ಆ ಹಸಿವಿನಲ್ಲಿ ಬೇರೇನು ಯೋಚನೆ ಬರುತ್ತದೆ?

"ನಿಮ್ಮ ಕೆಲಸ?" ಹಿರಿಯರು ಕೇಳಿದರು.

"ಗ್ಯಾಸ್ ಏಜೆನ್ಸೀಲಿ."

"ಬ್ಯಾಂಕು ಅಂದಿದ್ರು?"

ಬಾಯಿ ತುಂಬಿತ್ತು, ತಲೆ ಆಡಿಸಿದೆ. ಅವರು ಹತ್ತಿರ ಬಗ್ಗಿ ಮೆಲ್ಲಗೆ, "ನಮ್ಮ ಕಡೆಯಿಂದ ಏನೂ ಅಡ್ಡಿಯಿಲ್ಲ. ನಿಮಗೆ ಒಪ್ಪಿಗೆ ತಾನೇ?" ಅಂದರು.

ನಾನು ಕೇಸರಿಬಾತ್ ನುಂಗಿ ಮನಸಾರೆ ಹೇಳಿದೆ. "ತುಂಬಾ ಒಪ್ಪಿಗೆ ಸಾರ್. ಇನ್ನೊಂದು ಸ್ವಲ್ಪ ಇದ್ರೆ..."

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಗಸಿನ ದನಿ. "ಭಾವಾ, ಗ್ಯಾಸ್ ಮುಗೀತು! ಗಂಡಿನವರಿಗೆ ಕಾಫಿಗೆ ಹಾಲಿಟ್ಟಿದ್ದೆ. ಆ ಗ್ಯಾಸಿನವನು ಇನ್ನೂ ಬಂದಿಲ್ಲ, ಇವತ್ತು ಮರ್ಯಾದೆ ಹೋಯ್ತು!"

ಗಂಡಿನವರು! ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ತಟ್ಟೆ ಕೆಳಗಿಟ್ಟು ಎದ್ದು ನಿಂತೆ. "ಬಂದಿದೀನಿ ಅಮ್ಮಾ!" ಎಂದು ಕೂಗಿ ಹೊರಗೆ ಓಡಿದೆ. ಸಿಲಿಂಡರ್ ಹೊತ್ತು ತಂದು ಕೂರಿಸಿ, ಒಲೆ ಹತ್ತಿಸಿ, ಹಾಲು ಮತ್ತೆ ಇಟ್ಟ ಮೇಲೆಯೇ ಆ ತಾಯಿ ಉಸಿರು ಬಿಟ್ಟದ್ದು. ಬಿಳಿ ಶರ್ಟಿನ ಹೆಗಲೆಲ್ಲ ತುಕ್ಕು.

ಅದೇ ಹೊತ್ತಿಗೆ ನಿಜವಾದ ಗಂಡಿನವರು ಬಂದು ಕೂತರು. ಹುಡುಗ ತಟ್ಟೆಯನ್ನು ಬೆರಳ ತುದಿಯಿಂದ ಆಚೆ ತಳ್ಳಿ, "ನಾನು ಸ್ವೀಟ್ ತಿನ್ನಲ್ಲ" ಅಂದ. ಖಾಲಿ ಸಿಲಿಂಡರ್ ಹಿಡಿದು ತಲೆ ತಗ್ಗಿಸಿ ಹೊರಟೆ. ಗೇಟಿನಲ್ಲಿ ಹಿರಿಯರು ನನ್ನ ತೋಳು ಹಿಡಿದು ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ.

"ಏನೇ ಹೇಳು ಮಾರಾಯ," ನಿಟ್ಟುಸಿರು ಬಿಟ್ಟರು, "ಮೊದಲು ಬಂದ ಗಂಡೇ ವಾಸಿಯಿತ್ತು. ಚೆನ್ನಾಗಿ ತಿಂತಾನೆ, ಚೆನ್ನಾಗಿ ಹೊರ್ತಾನೆ."

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕಳು. ಆಮೇಲೆ ಅನ್ನ ಬಡಿಸುತ್ತಾ ಏನೂ ಅಲ್ಲವೆಂಬಂತೆ ಕೇಳಿದಳು.

"ಅಂದ ಹಾಗೆ, ಹೇಗಿದ್ಲು?"

ನಾನು ಇನ್ನೂ ಅದೇ ಗುಂಗಿನಲ್ಲಿದ್ದೆ. "ಸೂಪರ್ ಕಣೇ. ದ್ರಾಕ್ಷಿ, ಗೋಡಂಬಿ, ಎಲ್ಲಾ ಹಾಕಿದ್ರು."